ಗೌರಿ ಕೈಗೆ ಕಟ್ಟಿದ ಸೆರಗು

ಅತ್ತಿಯವರ ಪಾದಕ್ಕ,

ನಿಮ್ಮ ಸೊಸಿ ಶಾಂತಾ ಬರಿಯಾಕತ್ತೀನಿ. ನೀವು ಹೋಗಿ ಒಂಬತ್ತು ತಿಂಗಳಾತು. ನೀವಿದ್ದಾಗ ಎದುರು ನಿಂತು ಮಾತಾಡಿದಾಕಿ ಅಲ್ಲ ನಾನು. ಈಗ ಆಡ್ತೀನಿ, ಸಿಟ್ಟಾದ್ರ ಆಗ್ರಿ.

ಕಡೀ ಸಲ ದವಾಖಾನಿಗೆ ಹೊಂಟಾಗ ಆಟೋದಾಗ ಕುಂತು ನನ್ನ ಕೈ ಹಿಡದು ಏನಂದ್ರಿ, ನೆನಪೈತೇನು? "ಗೌರೀನ ಯಾರ ಬಾಗಿಲಿಗೂ ಕಳಸಬ್ಯಾಡ." ನಾ ಹೂಂ ಅಂದೆ. ನಿಮ್ಮ ಮೊಮ್ಮಗಳಿಗೆ ಹನ್ನೊಂದು ವರ್ಷ, ಬುದ್ಧಿ ಮಾತ್ರ ಮೂರು ವರ್ಷದ ಕೂಸಿಂದು. ಬಾಗಿಲು ತೆಗದದ್ದು ಕಂಡ್ರ ರೋಡಿಗೆ ಓಡತಾಳ. ನೀವಿದ್ದಾಗ ನಿಮ್ಮ ತೊಡಿ ಬಿಟ್ಟು ಏಳತಿದ್ದಿಲ್ಲ. ಈಗ ನಾನೊಬ್ಬಾಕಿ. ನಿಮ್ಮ ಮಗ ಗಂಗಾವತಿ ರೈಸ್ ಮಿಲ್ಲಿನಾಗ ಇರತಾರ, ಭಾಗ್ಯನಗರಕ್ಕ ಬರೋದು ಐತವಾರ ಅಷ್ಟ. ಮಧ್ಯಾಹ್ನ ಕಣ್ಣು ಎಳದ್ರ ನನ್ನ ಸೆರಗಿನ ತುದಿ ಆಕಿ ಕೈಗೆ ಗಂಟು ಹಾಕಿ ಅಡ್ಡಾಗತೀನಿ. ಆಕಿ ಎದ್ರ ನನಗೂ ಎಚ್ಚರ ಆಗಬೇಕಲ್ಲ. ಅದಕ್ಕ ನಿದ್ದಿ ಅಂತಾರೇನು?

ವಾರಕ್ಕೊಮ್ಮೆ ಮನಿಗೆ ಬಂದು ಗೌರಿಗೆ ಕಲಸೋ ಟೀಚರ್ ಹೋದ ತಿಂಗಳ ಬಂದಿದ್ರು. ಆಕಿ ಅಂಗಿ ಗುಂಡಿ ಹಾಕೋದನ್ನ ನೋಡಿ ಬರಕೊಂಡು, ಪೆನ್ನು ಮುಚ್ಚಿ, "ಶಾಂತಕ್ಕ, ನೀವು ಹ್ಯಾಂಗ ಅದೀರಿ?" ಅಂದ್ರು. ನನ್ನ ಯಾರರ ಹಂಗ ಕೇಳಿ ಎಷ್ಟು ವರ್ಷಾತು? ಛಲೋ ಅದೀನ್ರಿ ಅನ್ನಾಕ ಬಾಯಿ ತೆಗದೆ, ಅಳು ಬಂತು. "ದಿನಾ ಒಂದು ತಾಸರ ಯಾರ ಹತ್ರನರ ಬಿಡ್ರಿ. ನೀವು ಬಿದ್ರ ಈಕಿಗೆ ಯಾರದಾರ?" ಅಂದ್ರು. ನಿಮಗ ಮಾತು ಕೊಟ್ಟದ್ದು ಹೇಳಿದೆ.

ಆ ಮಾತು ಎಲ್ಲಿಂದ ಬಂತಂತ ನನಗ ಗೊತ್ತೈತಿ. ಮೂರು ವರ್ಷದ ಹಿಂದ ಪಂಚಮಿ ರೊಟ್ಟಿ ಹಬ್ಬ. ಓಣಿ ಮಂದಿಯೆಲ್ಲಾ ಒಬ್ಬರ ಮನಿ ರೊಟ್ಟಿ ಇನ್ನೊಬ್ಬರ ಮನಿಗೆ ಕೊಟ್ಟು ಬರೋ ದಿನ. ನೀವು ಕಟಕ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ ತಾಟಿಗೆ ಹಾಕಿ, ಹೊಸಾ ಲಂಗ ಉಡಿಸಿ, ಗೌರಿ ಕೈಯಾಗ ಎದುರು ಮನಿ ನೀಲವ್ವಗ ಕಳಿಸಿದ್ರಿ. ಗೌರಿ ಬಾಯಿಂದ ಜೊಲ್ಲು ಸುರೀತಿತ್ತು. ನೀಲವ್ವ ತಾಟು ಇಸಗೊಂಡು, ಆಕಿ ಹೊಳ್ಳಿದ ಕೂಡ್ಲೆ, ಅಷ್ಟೂ ಆಕಳ ಮುಂದ ಸುರುವಿದ್ಲು. ನಮ್ಮ ಕಟ್ಟಿ ಮ್ಯಾಲ ನಿಂತು ನೀವೂ ನೋಡಿದ್ರಿ, ನಾನೂ ನೋಡಿದೆ. ಅವತ್ತಿಂದ ನೀಲವ್ವನ ಕೂಡ ಮಾತಿಲ್ಲ. ಯಾರ ಮನಿಗೂ ಗೌರೀನ ಕಳಸಲಿಲ್ಲ. ಅವಮಾನ ಇಬ್ಬರಿಗೂ ಆಗಿತ್ತು, ಒಪ್ಪತೀನಿ. ಆದ್ರ ನಿಮ್ಮ ಹಟಾನ ನನ್ನ ಹೆಗಲ ಮ್ಯಾಲ ಇಟ್ಟು ಹೋದ್ರಲ್ಲ, ಅತ್ತಿಯವರ...

ನೀವು ತೀರಿಕೊಂಡ ವರ್ಷ ಅಂತ ಈ ಸಲ ನಮ್ಮ ಮನ್ಯಾಗ ರೊಟ್ಟಿ ಬಡಿಲಿಲ್ಲ. ಓಣಿಯವರ ತಂದು ಕೊಡಬೇಕು. ನಿನ್ನೆ ಗೌರಿ ಕೈಗೆ ಸೆರಗು ಕಟ್ಟಿ ಅಡ್ಡಾಗೋ ಹೊತ್ತಿಗೆ ನೀಲವ್ವ ತಾಟಿಗೆ ಅರಬಿ ಮುಚ್ಚಿಕೊಂಡು ಬಂದ್ಲು. ಬಾ ಅನ್ನಲೋ ಬ್ಯಾಡೋ ಅಂತ ನಿಂತೆ. ಅಷ್ಟರಾಗ ಗೌರಿ ಒಂದು ರೊಟ್ಟಿ ಕಡದು, ಉಳದದ್ದನ್ನ ನೀಲವ್ವನ ಬಾಯಿಗೆ ಹಿಡದ್ಲು. ಜೊಲ್ಲು ಹಂಗ ಹತ್ತಿತ್ತು. ನೀಲವ್ವ ಗೌರಿ ಮಾರಿ ನೋಡಿದ್ಲು, ಬಾಯಿ ತೆಗದು ತಿಂದ್ಲು.

"ಅವತ್ತು ನಂದು ತಪ್ಪಾತು ಶಾಂತಾ. ನಿಮ್ಮ ಅತ್ತಿ ಮುಂದ ಹೇಳಾಕ ಮಾರಿ ಆಗಲಿಲ್ಲ." ಆಮ್ಯಾಲ ಗಂಟು ಕಂಡು, "ಇದೇನವಾ?" ಅಂದ್ಲು. ಹೇಳಿದೆ. ಕುಂತು ತಾನ ಬಿಚ್ಚಿದ್ಲು. "ಗೌರವ್ವಾ, ನಮ್ಮ ಆಕಳ ಈದೈತಿ. ಕರ ನೋಡಾಕ ಬರ್ತೀಯೇನು?"

ಬ್ಯಾಡ ಅನ್ನಬೇಕಿತ್ತು. ಗ್ವಾಡಿ ಮ್ಯಾಲ ನಿಮ್ಮ ಫೋಟೋ ಇತ್ತು. ಆದ್ರ ದಣಿದಿದ್ದೆ ಅತ್ತಿಯವರ, ಭಾಳ ದಣಿದಿದ್ದೆ. ಹೂಂ ಅಂದೆ.

ಎಚ್ಚರಾದಾಗ ಬಿಸಿಲು ಅಂಗಳದಿಂದ ಹೋಗಿಬಿಟ್ಟಿತ್ತು. ಸೆರಗು ಖಾಲಿ ಇತ್ತು. ಬರಿಗಾಲಾಗ ಓಡಿದೆ. ಗೌರಿ ಕರದ ಮಗ್ಗಲಾಗ ಕುಂತು ಅದರ ಕಿವಿ ಸವರಾಕತ್ತಿದ್ಲು, ನನ್ನ ಕಡೆ ಹೊಳ್ಳಿ ಸುದ್ದಾ ನೋಡಲಿಲ್ಲ. ನೀಲವ್ವ, "ಇನ್ನೊಂದು ತಾಸು ಮಕ್ಕೋಬೇಕಿಲ್ಲ?" ಅಂದ್ಲು.

ಬರೋ ಪಂಚಮಿಗೆ ನಾನ ರೊಟ್ಟಿ ಬಡೀತೀನಿ. ಮೊದಲ ತಾಟು ಗೌರಿ ಕೈಯಾಗ ನೀಲವ್ವನ ಮನಿಗೆ ಹೋಗತೈತಿ. ನಿಮಗ ಕೊಟ್ಟ ಮಾತು ನಿನ್ನೆ ಮುರದೆ, ಇವತ್ತೂ ಮುರೀತೀನಿ. ನಿಮ್ಮ ಮೊಮ್ಮಗಳು ಆಗಲೇ ಚಪ್ಪಲ್ ಮೆಟ್ಟಿಕೊಂಡು ಬಾಗಿಲಾಗ ನಿಂತಾಳ.