ಹೊಸತೊಡಕಿನ ದಿನದ ಫೋನು

ಬೈರಮಂಗಲ
೨೨ ಜೂನ್ ೨೦೦೮, ಭಾನುವಾರ

ಪ್ರೀತಿಯ ಮಗಳು ಸಿರಿಗೆ,

ನಿನ್ನ ಅಪ್ಪನ ಆಶೀರ್ವಾದ. ಕಾಗದದ ಮೊದಲ ಸಾಲಿನಲ್ಲೇ ‘ನಾವೆಲ್ಲ ಕ್ಷೇಮ’ ಎಂದು ಬರೆಯುವುದನ್ನು ನಮಗೆ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ಈ ಸಲ ಅದನ್ನು ಬರೆಯಲು ಹೋಗಿ ಪೆನ್ನು ನಿಂತಿತು. ಅಮ್ಮ ಚೆನ್ನಾಗಿದ್ದಾಳೆ. ಕೆಂದ ಹಸು ಹೆಣ್ಣು ಕರು ಹಾಕಿದೆ, ಹಣೆಯಲ್ಲಿ ಬಿಳಿ ಮಚ್ಚೆ. ತಡವಾಗಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಮೊಬೈಲು ಬಂದ ಮೇಲೆ ಬರೆಯುವ ಅಭ್ಯಾಸವೇ ತಪ್ಪಿಹೋಗಿ, ಅಕ್ಷರ ಕೋಳಿ ಕೆದಕಿದ ಹಾಗಿದೆ. ಈ ಕಾಗದವನ್ನು ಅಂಚೆಗೆ ಹಾಕಿಲ್ಲ. ನನ್ನ ಜೊತೆ ಕೆಲಸ ಮಾಡುವ ಮುನಾವರ್‌ನ ತಂಗಿ ಇಸ್ಮತ್‌ಳನ್ನು ನಿಮ್ಮ ಹರಿಹರಕ್ಕೇ ಕೊಟ್ಟಿದ್ದಾರೆ. ತವರಿಗೆ ಬಂದಿದ್ದವಳು ನಾಳೆ ವಾಪಸು ಹೊರಟಿದ್ದಾಳೆ. ನಿನ್ನ ಕೈಗೇ ಕೊಡಬೇಕು, ಮನೆಯಲ್ಲಿ ಬೇರೆ ಯಾರ ಕೈಗೂ ಬೇಡ ಎಂದು ಹೇಳಿ ಕಳಿಸುತ್ತಿದ್ದೇನೆ.

ಯುಗಾದಿಯ ಮಾರನೇ ದಿನ, ಹೊಸತೊಡಕಿನಂದು, ನೀನು ಫೋನ್ ಮಾಡಿದ್ದೆ. ಏನೋ ಕೇಳಿದೆ, ನಾನು ಏನೋ ಹೇಳಿದೆ. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದೀಯ. ಫೋನ್ ಮಾಡಿದರೂ ಅಮ್ಮನ ಹತ್ತಿರ ಎರಡು ಮಾತಾಡಿ ಇಟ್ಟುಬಿಡುತ್ತೀಯ. ನನ್ನ ಮಗಳು ನನ್ನನ್ನು ಯಾಕೆ ಬಿಟ್ಟಳು ಎಂದು ತಿಳಿಯದೆ ಎರಡೂವರೆ ತಿಂಗಳು ಒದ್ದಾಡಿದೆ. ಹೋದ ವಾರ ತಿಳಿಯಿತು. ಅದನ್ನು ಹೇಳಲೆಂದೇ ಈ ಕಾಗದ. ಆದರೆ ಒಂದೇ ಸಾಲಿನಲ್ಲಿ ಹೇಳಿದರೆ ನೀನು ನಂಬುವುದಿಲ್ಲ, ಸಬೂಬು ಅನ್ನುತ್ತೀಯ. ಅದಕ್ಕೆ ಕಂಪನಿಯ ಸುದ್ದಿ ಮೊದಲು ಓದು. ಸಿಟ್ಟು ಬಂದರೂ ನಡುವೆ ಮಡಚಿಡಬೇಡ.

ನಮ್ಮ ಕಂಪನಿಗೆ ಪ್ರತಿಮಾ ಎಂಬ ಹೊಸ ಮೇಡಂ ಬಂದಿದ್ದಾರೆ. ನಿನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ಕೆಲಸಗಾರರ ಆರೋಗ್ಯ, ಪರಿಸರ, ಎರಡೂ ಅವರದೇ ಜವಾಬ್ದಾರಿ. ಜೂನ್ ತಿಂಗಳಿಗೆ ‘ಕ್ಷೇಮ ಮಾಸ’ ಎಂದು ಹೆಸರಿಟ್ಟು ಕ್ಯಾಂಟೀನಿನಿಂದ ಕಕ್ಕಸಿನವರೆಗೆ ಬೋರ್ಡು ಹಾಕಿಸಿಬಿಟ್ಟರು. ಎಣ್ಣೆ ಕಡಿಮೆ ತಿನ್ನಿ, ನೀರು ಮಿಗಿಸಿ, ಮೆಟ್ಟಿಲು ಹತ್ತಿ. ನಮ್ಮದು ಮೆಟ್ಟಿಲೇ ಇಲ್ಲದ ಶೆಡ್ಡು, ಆ ಬೋರ್ಡನ್ನು ಎಲ್ಲಿಂದ ತಂದರೋ ಗೊತ್ತಿಲ್ಲ. ಮೊದಲ ದಿನವೇ ನಗುವಿನ ಯೋಗ. ಬೆಳಗಿನ ಶಿಫ್ಟಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಕೈ ಮೇಲೆತ್ತಿ ಜೋರಾಗಿ ನಗಿ ಎಂದರು. ತಿಂಡಿ ತಿನ್ನದ ಹೊಟ್ಟೆಯಲ್ಲಿ ನಗು ಎಲ್ಲಿಂದ ಬರಬೇಕು? ಆದರೂ ಎದುರಿನವರ ಬಾಯಿ ನೋಡಿ ನಾನೂ ಬಾಯಿ ತೆರೆದೆ. ಸ್ವಲ್ಪ ಹೊತ್ತಿಗೆ ನಿಜವಾಗಿಯೇ ನಗು ಬಂತು. ಮುನಾವರ್‌ನ ಹಲ್ಲುಸೆಟ್ಟು ಸಡಿಲವಾಗಿ, ಅವನು ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು ನಗುತ್ತಿದ್ದ.

ಮುನಾವರ್ ವಿಷಯ ನಿನಗೆ ಗೊತ್ತಲ್ಲ. ರಾಮನಗರದವನು, ನನ್ನ ಪ್ರೆಸ್ಸಿನ ಎದುರಿನ ಪ್ರೆಸ್ಸು ಅವನದು. ಕಾರಿನ ಬಾಗಿಲಿನ ತಗಡು ಒತ್ತುವ ಶೆಡ್ಡಿನೊಳಗೆ ಪಕ್ಕದಲ್ಲಿ ನಿಂತು ಕೂಗಿದರೂ ಕೇಳುವುದಿಲ್ಲ. ಅಲ್ಲಿ ನಮ್ಮ ಮಾತೆಲ್ಲ ಕೈಯಲ್ಲಿ, ತುಟಿಯಲ್ಲಿ. ಹೆಬ್ಬೆರಳು ಕೆಳಕ್ಕೆ ಬಾಗಿಸಿದರೆ ‘ಒತ್ತು’. ಮೂಗು ಮುಟ್ಟಿದರೆ ‘ಸೂಪರ್‌ವೈಸರ್ ಬಂದ’. ಕಿವಿ ಹಿಡಿದುಕೊಂಡರೆ ‘ಮನೆಯಲ್ಲಿ ಜಗಳ’. ನಿನ್ನ ಮದುವೆ ಗೊತ್ತಾದ ದಿನ ನಾನು ಕೊರಳಿಗೆ ಮೂರು ಗಂಟು ಹಾಕುವ ಹಾಗೆ ಮಾಡಿ ತೋರಿಸಿದೆ, ಪ್ರೆಸ್ಸುಗಳ ಇಡೀ ಲೈನು ಕೈ ಎತ್ತಿತು.

ಕಿವಿಗೆ ಇಡಲು ಕಂಪನಿ ಏನೂ ಕೊಡಲಿಲ್ಲ ಎಂದಲ್ಲ. ಕಿವಿ ಮುಚ್ಚುವ ಒಂದು ಒಳ್ಳೆಯ ಸಾಮಾನು ನನಗೆ ಬಹುಮಾನವಾಗಿಯೇ ಬಂದಿತ್ತು. ಮನೆಗೆ ತಂದೆ. ನಿನ್ನ ಅಮ್ಮ, ಇಷ್ಟು ಚೆಂದದ್ದನ್ನ ಗ್ರೀಸ್ ಕೈಲಿ ಮುಟ್ಟಿ ಹಾಳು ಮಾಡ್ತೀರಾ ಎಂದು ಪ್ಲಾಸ್ಟಿಕ್ ಕವರಿನ ಸಮೇತ ಶೋಕೇಸಿನಲ್ಲಿ ಇಟ್ಟಳು. ನನಗೂ ಅದೇ ಸರಿ ಅನ್ನಿಸಿತು. ಯಾರಾದರೂ ಬಂದರೆ ತೆಗೆದು ತೋರಿಸುತ್ತೇವೆ.

ಪರಿಸರ ದಿನ ನಮಗೆ ಸಸಿ ನೆಡುವ ಕೆಲಸ. ಕಾಂಪೌಂಡಿನ ಸುತ್ತ ಹೊಂಗೆ, ಬೇವು. ಮೇಡಂ ಕೈಯಲ್ಲಿ ಒಂದು ಮೀಟರು ಹಿಡಿದು ಗೋಡೆಯ ಆಚೆ ನಡೆಯುತ್ತಿದ್ದರು. ಅದೇನು ಎಂದು ಕೇಳಿದೆ. ಶಬ್ದ ಅಳೆಯುವುದಂತೆ. ಕಾರ್ಖಾನೆಯ ಸದ್ದು ಹೊರಗಿನ ಊರಿನವರಿಗೆ ತೊಂದರೆ ಕೊಡಬಾರದು, ಮರಗಳು ಬೆಳೆದರೆ ಸದ್ದನ್ನು ತಡೆಯುತ್ತವೆ ಎಂದರು. ನಿನಗೆ ಗೊತ್ತು, ನನಗೆ ಒಂದು ವಿಷಯ ತಲೆಗೆ ಹೊಕ್ಕರೆ ನೋಡಿಯೇ ತೀರಬೇಕು. ಸಂಜೆ ಶಿಫ್ಟು ಬಿಟ್ಟ ಮೇಲೆ ಗೋಡೆಯಾಚೆ ಹೋಗಿ ನಿಂತೆ. ಒಳಗೆ ಮುಂದಿನ ಶಿಫ್ಟಿನವರು ಪ್ರೆಸ್ಸು ಓಡಿಸುತ್ತಿದ್ದಾರೆ, ಕಾಲಿನ ಕೆಳಗೆ ನೆಲ ಅದುರುತ್ತಿದೆ, ಆದರೆ ಸದ್ದು ಅಂದರೆ ಎಲ್ಲೋ ದೂರದಲ್ಲಿ ಯಾರೋ ರಾಗಿ ಬಡಿಯುತ್ತಿರುವಷ್ಟು. ಮೊಣಕಾಲುದ್ದದ ಸಸಿಗಳು ಒಂದೇ ದಿನದಲ್ಲಿ ಇಷ್ಟು ಕೆಲಸ ಮಾಡಿಬಿಟ್ಟವಲ್ಲ ಎಂದು ಬೆರಗಾದೆ. ಮಾರನೇ ದಿನ ಮೇಡಂಗೆ ಹೇಳಿಯೂ ಬಂದೆ. ಅವರು ನನ್ನ ಮುಖವನ್ನೇ ನೋಡಿದರು, ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು.

ಇನ್ನೊಂದು ಕೇಳು. ನಿಮ್ಮ ಊರುಗಳಲ್ಲಿ ಮೊದಲಿದ್ದು ಈಗ ಕಾಣೆಯಾಗಿರುವ ಜೀವಿಗಳು ಯಾವುವು ಎಂದು ಮೇಡಂ ಎಲ್ಲರನ್ನೂ ಕೇಳಿದರು. ನಾನು ಎದ್ದು ನಿಂತು, ನಮ್ಮ ಬೈರಮಂಗಲದಲ್ಲಿ ಜೀರುಂಡೆಗಳೇ ನಿರ್ನಾಮವಾಗಿವೆ, ಕೆರೆಗೆ ಕೊಳಕು ನೀರು ಬಂದದ್ದೇ ಕಾರಣ, ಕತ್ತಲಾದರೆ ಕಿರ್ರೆನ್ನುವ ಒಂದು ಸದ್ದೂ ಇಲ್ಲ ಎಂದು ಭಾಷಣವನ್ನೇ ಬಿಗಿದೆ. ಚಪ್ಪಾಳೆ ಬಿತ್ತು. ಮೇಡಂ ಬರೆದುಕೊಂಡರು. ನಮ್ಮೂರಿನ ಇನ್ನೂ ನಾಲ್ಕು ಜನ ಅಲ್ಲಿದ್ದರು, ಒಬ್ಬರೂ ಎದುರು ಹೇಳಲಿಲ್ಲ. ಅವರೂ ನನ್ನ ಲೈನಿನವರೇ.

ಆಮೇಲೆ ಕಿವಿ ಪರೀಕ್ಷೆಯ ವ್ಯಾನು ಬಂತು. ಒಳಗೆ ಗಾಜಿನ ಕಿಟಕಿಯ ಪುಟ್ಟ ಗೂಡು. ತಲೆಗೆ ಹೆಡ್‌ಫೋನು, ಕೈಗೆ ಒಂದು ಗುಂಡಿ. ಪೀಂ ಎಂದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು. ಫೇಲಾದವರನ್ನು ಪ್ರೆಸ್ಸಿನಿಂದ ತೆಗೆಯುತ್ತಾರೆ ಎಂದು ಗುಸುಗುಸು ಎದ್ದಿತ್ತು. ನಾನು ಕುಳಿತೆ. ಏನೂ ಕೇಳಿಸಲಿಲ್ಲ. ಹೆಡ್‌ಫೋನು ಕೆಟ್ಟಿರಬೇಕು ಎಂದು ತಲೆ ಎತ್ತಿದರೆ, ಗಾಜಿನಾಚೆ ನರ್ಸಮ್ಮನ ಬೆನ್ನ ಹಿಂದೆ ಮುನಾವರ್ ನಿಂತಿದ್ದ, ಮುಂದಿನ ಸರದಿ ಅವನದು. ಸದ್ದು ಬಿಟ್ಟಾಗ ಮೆಷಿನ್ನಿನ ಮೇಲೆ ಒಂದು ಕೆಂಪು ದೀಪ ಹತ್ತುವುದು ಅವನಿಗೆ ಕಾಣುತ್ತಿತ್ತು. ಹೆಬ್ಬೆರಳು ಕೆಳಕ್ಕೆ ಬಾಗಿಸಿದ. ನಾನು ಒತ್ತಿದೆ. ಮತ್ತೆ ಬಾಗಿಸಿದ, ಮತ್ತೆ ಒತ್ತಿದೆ. ಅವನ ಸರದಿಗೆ ನಾನು ಅವನ ಜಾಗದಲ್ಲಿ ನಿಂತೆ, ನನ್ನ ಹಿಂದೆ ಬಂದವರೂ ಹಾಗೇ ಮಾಡಿದರು. ಇದು ಮೋಸ ಎಂದು ನಮಗೆ ಹೊಳೆಯಲೇ ಇಲ್ಲ ಮಗಳೇ. ಲೈನಿನಲ್ಲಿ ನಾವು ಇಷ್ಟು ವರ್ಷ ಕೈ ಕಳೆದುಕೊಳ್ಳದೆ ಬದುಕಿರುವುದೇ ಹೀಗೆ, ಒಬ್ಬನಿಗೆ ಕಂಡದ್ದನ್ನು ಇನ್ನೊಬ್ಬನಿಗೆ ತೋರಿಸಿ.

ನನ್ನ ಕಿವಿ ಇಪ್ಪತ್ತರ ಹುಡುಗನ ಕಿವಿಯಂತಿದೆ ಎಂದು ವರದಿ ಬಂತು. ನಿನ್ನ ಅಮ್ಮನಿಗೆ ಹೇಳಿದರೆ ಅವಳು ಒಲೆಯ ಕಡೆ ತಿರುಗಿ ಏನೋ ಗೊಣಗಿದಳು. ಆಗೆಲ್ಲ ಅವಳು ನನ್ನ ಜೊತೆ ಸರಿಯಾಗಿ ಮಾತಾಡುತ್ತಲೇ ಇರಲಿಲ್ಲ. ತಟ್ಟೆ ಮುಂದಿಟ್ಟು ಹೋಗಿಬಿಡುತ್ತಿದ್ದಳು. ಅದೂ ಯಾಕೆಂದು ನನಗೆ ತಿಳಿದಿರಲಿಲ್ಲ.

ಹೋದ ಸೋಮವಾರ ಶೆಡ್ಡಿನ ಪಕ್ಕದ ಆಫೀಸಿಗೆ ಮೇಡಂ ಫೋನ್ ಮಾಡಿ ನನ್ನನ್ನು ಕರೆಸಿದರು. ರಿಸೀವರಿನಲ್ಲಿ ಗೊರಗೊರ ಸದ್ದು. ಲೈನು ಸರಿಯಿಲ್ಲ ಅಂದುಕೊಂಡು, ಯಾವಾಗಲೂ ಹೇಳುವುದನ್ನೇ ಹೇಳಿದೆ. ಹೂಂ, ಸರಿ ಮೇಡಂ, ಚೆನ್ನಾಗಿರಿ. ಇಟ್ಟೆ. ಸ್ವಲ್ಪ ಹೊತ್ತಿಗೆ ಅವರೇ ನಡೆದು ಬಂದರು. ಕಿವಿಯ ಬಗ್ಗೆ ಗೇಟಿನಲ್ಲಿ ಹಾಕುವ ಬೋರ್ಡಿಗೆ ನನ್ನ ಫೋಟೋ ಬೇಕಿತ್ತಂತೆ, ನಾಳೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಿದ್ದರಂತೆ. ಅದಕ್ಕೆ ಚೆನ್ನಾಗಿರಿ ಎನ್ನುವ ಉತ್ತರ ಯಾಕೆ ಬಂತು ಎಂದು ಅವರಿಗೆ ಕುತೂಹಲ. ಕ್ಯಾಂಟೀನಿನಲ್ಲಿ ಎದುರು ಕೂರಿಸಿಕೊಂಡು ಅದೂ ಇದೂ ವಿಚಾರಿಸಿದರು. ಊರು, ಹಸು, ಬಸ್ಸು, ಎಲ್ಲಕ್ಕೂ ಪಟಪಟ ಉತ್ತರ ಕೊಟ್ಟೆ. ಆಮೇಲೆ ಅವರು ಕೈಲಿದ್ದ ಫೈಲನ್ನು ಎತ್ತಿ ಬಾಯಿಗೆ ಅಡ್ಡ ಹಿಡಿದರು. ಮೇಲೆ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ನಾನು ಸುಮ್ಮನೆ ಕಾದೆ. ಫೈಲು ಇಳಿಸಿ, ಈಗ ನಾನು ನಿಮ್ಮನ್ನು ಏನು ಕೇಳಿದೆ ಎಂದರು.

“ನೀವೇನೂ ಕೇಳ್ನಿಲ್ವಲ್ಲ ಮೇಡಂ.”

“ಮೂರು ಸಲ ಕೇಳಿದೆ, ನಟರಾಜು ಅವರೇ. ನಿಮಗೆ ಮಕ್ಕಳೆಷ್ಟು ಅಂತ.”

ಆಗ ಹೊಳೆಯಿತು ಸಿರಿ. ಫೋನಿಗೆ ತುಟಿಯಿಲ್ಲ, ಕೈಯಿಲ್ಲ. ನಮ್ಮ ಮೊಬೈಲು ಅಗ್ಗದ್ದು, ಟವರು ಸರಿಯಿಲ್ಲ ಎಂದು ಇಷ್ಟು ದಿನ ಬೈದುಕೊಂಡಿದ್ದೆನಲ್ಲ, ಕೆಟ್ಟಿದ್ದು ಟವರಲ್ಲ. ಜೀರುಂಡೆಗಳು ಎಲ್ಲಿಗೂ ಹೋಗಿರಲಿಲ್ಲ. ಸಸಿಗಳು ಯಾವ ಸದ್ದನ್ನೂ ತಡೆದಿರಲಿಲ್ಲ.

ಗಾಜಿಗೆ ಪರದೆ ಕಟ್ಟಿ ಎಲ್ಲರಿಗೂ ಮತ್ತೆ ಪರೀಕ್ಷೆ ಮಾಡಿದರು. ಅರ್ಧ ಲೈನು ಫೇಲು, ಮುನಾವರ್ ನನ್ನ ಹಾಗೇ. ಬೆಂಗಳೂರಿನ ಡಾಕ್ಟರು, ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ ಎಂದರು. ಮೇಡಂ ನಮ್ಮನ್ನು ಬೈಯಲಿಲ್ಲ. ನಮ್ಮ ಕೈಮಾತನ್ನೆಲ್ಲ ಒಂದೊಂದಾಗಿ ಮಾಡಿಸಿ ನೋಡಿದರು, ಕಿವಿ ಹಿಡಿದುಕೊಳ್ಳುವುದಕ್ಕೆ ನಕ್ಕೂ ನಕ್ಕರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, ಗೋಡೆಯಾಚೆ ಹೋಗಿ ಅಳೆದೆ, ಒಳಗೆ ನಿಂತವರನ್ನು ಕೇಳಲಿಲ್ಲ ಎಂದರು. ಪಾಪ, ಚಿಕ್ಕ ಹುಡುಗಿ. ನಿಮ್ಮ ಪಟ್ಟಿಯಿಂದ ಆ ಜೀರುಂಡೆ ಹೊಡೆದು ಹಾಕಿ ಮೇಡಂ ಎಂದೆ. ಬರುವ ತಿಂಗಳಿನಿಂದ ನನಗೆ ಆ ಸಸಿಗಳನ್ನು ನೋಡಿಕೊಳ್ಳುವ ಕೆಲಸ. ಮುನಾವರ್‌ಗೆ ಸ್ಟೋರು. ಅವನು ಎದುರಿಗಿಲ್ಲದೆ ದಿನ ಹೇಗೆ ಕಳೆಯುತ್ತದೋ ಗೊತ್ತಿಲ್ಲ.

ಮೇಡಂ ಫೈಲು ಅಡ್ಡ ಹಿಡಿದ ಆ ಸೋಮವಾರವೇ, ಮನೆಗೆ ಬಂದವನು ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ಎಲ್ಲ ಹೇಳಿದೆ. ಹೊಸತೊಡಕಿನ ದಿನ ಸಿರಿ ನನ್ನನ್ನು ಏನು ಕೇಳಿದಳು, ನಿನಗೇನಾದರೂ ಗೊತ್ತಾ ಎಂದೆ.

“ಗೊತ್ತಿದ್ದೂ ಹಂಗಂದ್ಬುಟ್ರಲ್ಲ ಅಂತ ಒಳಗೊಳ್ಗೇ ಬೆಂದೋಗಿದ್ದೆ ಕಣ್ರೀ” ಎಂದು ಅವಳು ಅಳುವುದಕ್ಕೆ ಶುರು ಮಾಡಿದಳು. ನೀನು ಆಮೇಲೆ ಅವಳಿಗೆ ಹೇಳಿದ್ದೆಯಂತೆ. ಅಪ್ಪ ಹಾಗಂದ ಮೇಲೆ ಇನ್ನೇನಿದೆ, ನೀನು ಅವರನ್ನ ಏನೂ ಕೇಳಬೇಡ ಎಂದು ಆಣೆ ಹಾಕಿಸಿಕೊಂಡೆಯಂತೆ. ಇಷ್ಟು ದಿನ ನನ್ನ ತಟ್ಟೆ ಯಾಕೆ ಹಾಗೆ ಬಂದು ಕೂರುತ್ತಿತ್ತು ಎಂಬುದು ಆಗ ಅರ್ಥವಾಯಿತು.

ಕೈ ನೋಯುತ್ತಿದೆ. ಕರುವಿಗೆ ಹೆಸರಿಟ್ಟಿಲ್ಲ, ನೀನು ಇಡಬೇಕೆಂದು ಅಮ್ಮ ಹಟ ಹಿಡಿದಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ತಂಪಾಗಿ ಇಟ್ಟಿರಲಿ, ನಿನ್ನ ಮುಖದಲ್ಲಿ ಮೊದಲಿನ ನಗು ಬರಲಿ.

ಇಂತಿ ನಿನ್ನ ಅಪ್ಪ,
ನಟರಾಜು

ಮರೆತದ್ದಲ್ಲ, ಕೊನೆಗೆಂದು ಇಟ್ಟುಕೊಂಡದ್ದು: ಅವತ್ತು ನೀನು ಮನೆಯ ಫೋನಿನಿಂದ ಮಾಡಿರಲಿಲ್ಲವಂತೆ, ಬಸ್ ಸ್ಟ್ಯಾಂಡಿನ ಕಾಯಿನ್ ಬೂತಿನಿಂದ ಮಾಡಿದ್ದೆಯಂತೆ. ಅಳಿಯ ಮನೋಹರನ ಕೈ ನಿನ್ನ ಮೇಲೆ ಬಿದ್ದ ಮಾರನೇ ದಿನವಂತೆ. “ಅಪ್ಪಾ, ಮನೆಗೆ ಬಂದ್ಬುಡ್ಲಾ?” ಎಂದು ಕೇಳಿದೆಯಂತೆ. ನಮ್ಮ ಮನೆ ತುಂಬ ನೆಂಟರು, ಎಲೆ ಹಾಕಿತ್ತು, ನಾನು ನಗುನಗುತ್ತಾ “ಹೂಂ, ಸರಿ ಕಣವ್ವ, ಅಲ್ಲೇ ಚೆನ್ನಾಗಿರು” ಎಂದು ಫೋನನ್ನು ಅಮ್ಮನ ಕೈಗೆ ಕೊಟ್ಟೆ. ಅವಳು ಹಲೋ ಅನ್ನುವಷ್ಟರಲ್ಲಿ ನೀನು ಇಟ್ಟಿದ್ದೆ. ನೀನು ಕೇಳಿದ್ದು ನನಗೆ ಹೋದ ಸೋಮವಾರ ಕೇಳಿಸಿತು ಮಗಳೇ. ಬಂದ್ಬುಡವ್ವ. ಯಾರನ್ನೂ ಒಪ್ಪಿಸಬೇಕಾಗಿಲ್ಲ. ಬರುವ ಭಾನುವಾರ ಬೆಳಿಗ್ಗೆಯಿಂದ ನಾನು ಹರಿಹರದ ಬಸ್ ಸ್ಟ್ಯಾಂಡಿನಲ್ಲಿ, ಆ ಕಾಯಿನ್ ಬೂತಿನ ಹತ್ತಿರವೇ ಇರುತ್ತೇನೆ, ಇಸ್ಮತ್ ನಿನ್ನ ಜೊತೆ ಬರುತ್ತಾಳೆ. ಅಲ್ಲಿ ಗಲಾಟೆ ಇರುತ್ತದೆ. ನಾನು ಬೇರೆ ಕಡೆ ನೋಡುತ್ತಿದ್ದರೆ ಹಿಂದಿನಿಂದ ಅಪ್ಪಾ ಎಂದು ಕರೆದು, ತಿರುಗಲಿಲ್ಲ ಎಂದು ಹೊರಟುಹೋಗಬೇಡ. ಎದುರಿಗೆ ಬಂದು ನಿಲ್ಲು.