ಗುಂಡಿಯಿಲ್ಲದ ಉಡುಪು

ಎಲ್ಮೈರಾ,
ಅಕ್ಟೋಬರ್ ೪, ಶುಕ್ರವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿ ಈಗ ಹೇಗಿದೆ? ಅಲ್ಲಿ ಉತ್ತರದಲ್ಲಿ ಆಗಲೇ ನೆಲ ಹೆಪ್ಪುಗಟ್ಟಿರಬೇಕು. ಬೆಳಗಾಗುವ ಮೊದಲೇ ಕೊಟ್ಟಿಗೆಗೆ ಹೋಗುವ ಹಟ ಬಿಟ್ಟಿದ್ದೀಯೋ ಇಲ್ಲವೋ? ‘ಕರು ಹಾಕೋ ಹಸು ನನ್ನ ದನಿ ಕೇಳಿದ್ರೆ ಸಮಾಧಾನ ಆಗತ್ತೆ’ ಎಂದು ಹಿಂದಿನ ಕಾಗದದಲ್ಲಿ ನೀನೇ ಬರೆದಿದ್ದೆ. ಹಸುವಿನ ಸಮಾಧಾನಕ್ಕೆ ಆಮ್ಸಿ ಅಣ್ಣನೂ ನಾಲ್ಕು ಮಾತಾಡಲಿ, ಅವನಿಗೂ ಬಾಯಿದೆ. ಅತ್ತಿಗೆ, ಮಕ್ಕಳು ಚೆನ್ನಾಗಿದ್ದಾರೆಂದು ನಂಬಿದ್ದೇನೆ. ನಾನು ಆರೋಗ್ಯವಾಗಿದ್ದೇನೆ. ಈ ಒಂದು ಸಾಲನ್ನು ನಿಶ್ಚಿಂತೆಯಿಂದ ಬರೆಯಬಹುದು. ಮುಂದಿನವನ್ನು ಬರೆಯಲು ಕುಳಿತು ಎರಡು ಸಲ ಎದ್ದುಹೋದೆ. ಅಲ್ಮೀಡಾ ಚಿಕ್ಕಮ್ಮನ ಕಾಗದ ಈಗಾಗಲೇ ನಿನ್ನ ಕೈಯಲ್ಲಿರಬಹುದು. ಇಲ್ಲದಿದ್ದರೆ, ದಯವಿಟ್ಟು ಇದನ್ನು ಓದಿ ಮುಗಿಸಿ ಅದನ್ನು ಒಡೆ. ಪಕ್ಕದ ಮನೆಯವರ ಫೋನಿಗೆ ಕರೆ ಮಾಡಿ ಹೇಳಿಸಬಹುದಿತ್ತು. ಆದರೆ ಇದನ್ನು ನೀನು ಹೊರಗಿನವರ ಬಾಯಿಂದ, ಇಂಗ್ಲಿಷಿನಲ್ಲಿ ಕೇಳುವುದು ಬೇಡವೆನ್ನಿಸಿತು.

ಕಾಲೇಜಿನ ಕೆಲಸ ಹೋದ ಮೇಲೆ ಮುಖ್ಯರಸ್ತೆಯ ಹಳೆಮನೆಯಲ್ಲಿ ಕೆಲಸ ಸಿಕ್ಕಿತೆಂದು ವಸಂತದಲ್ಲಿ ಬರೆದಿದ್ದೆನಲ್ಲ. ಪ್ರವಾಸಿಗರು ನೋಡಲು ಬರುವ ಮನೆ, ಅಲ್ಲಿ ಹಳೆಯ ಸಾಮಾನುಗಳನ್ನು ನೋಡಿಕೊಳ್ಳುತ್ತೇನೆ ಎಂದು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅಲ್ಲಿ ನನ್ನ ಕೆಲಸ ನಿನ್ನ ಹಾಗೆ, ನಾನು ಬಿಟ್ಟುಬಂದ ನಮ್ಮ ಸಭೆಯ ಹೆಂಗಸಿನ ಹಾಗೆ ಕಾಣುವುದು. ಬಸ್ಸುಗಳು ಮೊದಲು ಚಾವಣಿ ಹೊದಿಸಿದ ಹಳೆಯ ಮರದ ಸೇತುವೆಗೆ ಹೋಗುತ್ತವೆ, ಆಮೇಲೆ ಕೌದಿ ಅಂಗಡಿಗೆ, ಆಮೇಲೆ ಸಂತೆಯಲ್ಲಿ ಸಾಸೇಜು ತಿನ್ನುವುದಕ್ಕೆ, ಕೊನೆಗೆ ನಮ್ಮಲ್ಲಿಗೆ. ಹಿತ್ತಲಲ್ಲಿ ತಾಮ್ರದ ಕೊಪ್ಪರಿಗೆ ಇಟ್ಟು ನಾನು ಸೇಬಿನ ಪಾಕ ಕುದಿಸುತ್ತಾ ನಿಂತಿರುತ್ತೇನೆ. ಉದ್ದ ಕೋಲಿನ ಹುಟ್ಟನ್ನು ನೀನು ಕಲಿಸಿದ ಹಾಗೆಯೇ, ಎರಡು ಸಲ ಅಂಚಿಗೆ, ಒಂದು ಸಲ ನಡುವೆ ಆಡಿಸುತ್ತೇನೆ. ಜನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ನಗುತ್ತೇನೆ. ಹೌದಮ್ಮಾ, ನಮ್ಮವರು ಮುಖ ತಿರುಗಿಸುವ ಫೋಟೋಗೆ.

ಮನೆ ನೋಡಿಕೊಳ್ಳುವ ಕೀತ್ ಟೊರಾಂಟೋದವನು, ಒಳ್ಳೆಯವನೇ. ಬೇಸಿಗೆಯಿಂದ ಎಲ್ಲರೂ ಹಳೆಯ ಕಾಲದ ಉಡುಪು ಹಾಕಬೇಕು ಎಂದ. ನನ್ನ ಜೊತೆ ಕೆಲಸ ಮಾಡುವ ಕಾಲೇಜು ಹುಡುಗಿಯರು ನಾಟಕದ ಅಂಗಡಿಯಿಂದ ಬಾಡಿಗೆಗೆ ತಂದರು. ಬೆನ್ನಿಗೆ ಜಿಪ್ಪು, ತಲೆಗೆ ಎಲಾಸ್ಟಿಕ್ ಟೋಪಿ. ಅದನ್ನು ಕಂಡು ನನಗೆ ನಗು ಬಂತು. ಆ ನಗುವಿನಿಂದಲೇ ಎಲ್ಲ ಶುರುವಾಯಿತು. ನಾನು ಬೂದುನೀಲಿ ಬಟ್ಟೆ ತಂದು ನೆನಪಿನಿಂದಲೇ ಅಳತೆ ಹಾಕಿ ಹೊಲಿದೆ. ನಮ್ಮ ಹೆಂಗಸರ ಉಡುಪಿನ ಹಾಗೆಯೇ ಒಂದು ಗುಂಡಿಯೂ ಇಲ್ಲ. ಎದೆಯ ಮೇಲುಹೊದಿಕೆಗೆ ಗುಂಡುಸೂಜಿ ಚುಚ್ಚುವಾಗ ಬೆರಳುಗಳಿಗೆ ಎಲ್ಲ ನೆನಪಿತ್ತು. ಪೆಟ್ಟಿಗೆಯ ತಳದಿಂದ ನನ್ನ ಬಿಳಿ ಟೋಪಿಯನ್ನೂ ತೆಗೆದೆ, ದೀಕ್ಷಾಸ್ನಾನದ ಹಿಂದಿನ ದಿನ ನೀನು ಗಂಜಿ ಹಾಕಿ ಇಸ್ತ್ರಿ ಮಾಡಿಕೊಟ್ಟದ್ದು. ದಾರಗಳನ್ನು ಗದ್ದದ ಕೆಳಗೆ ಕಟ್ಟಿಕೊಂಡೆ. ಕೀತ್ ಕಂಡವನೇ, “ಸೆಲೀನಾ, ನಿಮ್ಮದು ಮಾತ್ರ ಅಸಲಿ ಮಾಲು ಕಣ್ರೀ!” ಎಂದ. ಉಬ್ಬಿಹೋದೆ. ನನ್ನ ಹಾಗೆ ಪದ್ಯ ಓದಿಕೊಂಡವರಿಗೆ ಒಂದು ಪದವೂ ಆಚೀಚೆ ಆಗಬಾರದೆನ್ನುವ ಹಟವಿರುತ್ತದೆ. ಆ ಹಟವನ್ನು ನಾನು ಬಟ್ಟೆಯ ಮೇಲೆ ತೋರಿಸಿದೆ. (‘ಪ್ರಾಸ ಇಲ್ದಿರೋ ಪದ್ಯ ಹಾಡಕ್ಕೂ ಆಗಲ್ಲ, ಹೊದಿಯಕ್ಕೂ ಆಗಲ್ಲ, ಏನ್ ಮಾಡ್ತಾರೆ ಅದನ್ನ?’ ಎಂದು ನೀನು ಕೇಳಿದ್ದು ಈಗಲೂ ನಗಿಸುತ್ತದೆ.) ಒಂದೇ ಒಂದು ಗುಂಡಿ ಹೊಲಿದಿದ್ದರೆ ಸಾಕಿತ್ತು, ಅಮ್ಮಾ. ಚಿಕ್ಕಮ್ಮ ಅಷ್ಟು ದೂರದಿಂದಲೇ ಕಂಡು ಸುಮ್ಮನೆ ಗಾಡಿ ಹೊಡೆದುಕೊಂಡು ಹೋಗುತ್ತಿದ್ದಳು.

ಮಂಗಳವಾರ ಮಧ್ಯಾಹ್ನ ದಾಲ್ಚಿನ್ನಿ ಮುಗಿಯಿತು. ಬಟ್ಟೆ ಬದಲಿಸುವ ಸೋಮಾರಿತನಕ್ಕೆ ಹಾಗೆಯೇ ಗೇಟು ದಾಟಿ ದಿನಸಿ ಅಂಗಡಿಗೆ ಹೋದೆ. ವಾಪಸು ಬರುವಾಗ, ಕುದುರೆ ಕಟ್ಟುವ ಕಟ್ಟೆಯ ಹತ್ತಿರ, ಗಾಡಿಯಿಂದ ಮೊಟ್ಟೆಯ ಪೆಟ್ಟಿಗೆ ಇಳಿಸುತ್ತಿದ್ದ ಹೆಂಗಸು ನೆಟ್ಟಗಾಗಿ ನನ್ನನ್ನೇ ನೋಡಿದಳು. ಚಿಕ್ಕಮ್ಮ. ಪೆಟ್ಟಿಗೆಯನ್ನು ನೆಲಕ್ಕೆ ಇಟ್ಟದ್ದೋ ಬಿಟ್ಟದ್ದೋ ಗೊತ್ತಾಗಲಿಲ್ಲ. “ಸೆಲೀನಾ? ನಮ್ಮ ಸೆಲೀನಾನೇ ಏನೇ ನೀನು? ಅಯ್ಯೋ ದೇವರೇ, ತಲೆ ಮುಚ್ಕೊಂಡಿದ್ದೀಯಲ್ಲೇ!” ಎನ್ನುತ್ತಾ ಬಂದವಳು ನನ್ನ ಎರಡೂ ಭುಜ ಹಿಡಿದು ತುಟಿಗೆ ಮುತ್ತಿಟ್ಟಳು. ಸಭೆಯ ಅಕ್ಕತಂಗಿಯರಿಗಷ್ಟೇ ಕೊಡುವ ಮುತ್ತು. ನಾನು ಸಭೆ ಬಿಟ್ಟುಹೋದಂದಿನಿಂದ ನಮ್ಮವರು ಯಾರೂ ಕೊಟ್ಟಿಲ್ಲ, ಕೊಡುವ ಹಾಗೂ ಇಲ್ಲ. ಮುಖ ತಿರುಗಿಸಲು ಬೇಕಾದಷ್ಟು ಸಮಯವಿತ್ತು. ಅವಳು ನಾಲ್ಕು ಹೆಜ್ಜೆ ನಡೆದು ಬಂದಳು. ಏನು ಮಾಡಲಿದ್ದಾಳೆ ಎಂದು ಮೊದಲ ಹೆಜ್ಜೆಗೇ ನನಗೆ ಗೊತ್ತಾಗಿತ್ತು. ತಿರುಗಿಸಲಿಲ್ಲ. ಅವಳ ಶಾಲಿನಲ್ಲಿ ಕುದುರೆಯ, ಸಾಬೂನಿನ ವಾಸನೆಯಿತ್ತು. ಮನೆಯ ವಾಸನೆ.

ಆಮೇಲೆ ಅವಳೇ ಕೇಳಿದಳು, ಅವಳೇ ಉತ್ತರ ಹೇಳಿಕೊಂಡಳು. “ಯಾವಾಗ ಮಂಡಿ ಊರಿ ಸಭೆಗೆ ವಾಪಸ್ ಬಂದೆ? ನಿಮ್ಮ ಹಳೇ ಸಭೇಲೇ ಇರ್ಬೇಕು. ನಂಗೊಂದು ಮಾತು ಹೇಳಬಾರ್ದಾಗಿತ್ತಾ? ಇರ್ಲಿ ಬಿಡು, ನಾನೇನು ಬಿಷಪ್ಪಾ? ಎಷ್ಟು ಸೊರಗಿದ್ದೀಯೇ, ಇಷ್ಟು ವರ್ಷ ಪುಸ್ತಕಾನೇ ತಿಂದ್ಯಾ?” ನಾನು ಬಾಯಿ ತೆರೆದೆ. ಅಷ್ಟರಲ್ಲಿ ಬಸ್ಸೊಂದು ಬಂದು ನಿಂತು ಜನ ಇಳಿದರು, ಮುಂದಿದ್ದವನು ಕ್ಯಾಮರಾ ಎತ್ತಿದ. ಚಿಕ್ಕಮ್ಮ ತನ್ನ ಮುಖ ಮುಚ್ಚಿಕೊಳ್ಳಲಿಲ್ಲ. ಶಾಲಿನ ಸೆರಗು ಎತ್ತಿ ನನ್ನ ಮುಖಕ್ಕೆ ಮರೆ ಹಿಡಿದಳು. “ಈ ಕಡೆ ತಿರುಗು ಮಗಳೇ. ಈ ಜನಕ್ಕೆ ನಾಚಿಕೆಯೇ ಇಲ್ಲ. ನಾವೇನು ಮೃಗಾಲಯದ ಕರಡೀನಾ?” ಬೆಳಿಗ್ಗೆಯಿಂದ ಅದೆಷ್ಟು ಕ್ಯಾಮರಾಗಳಿಗೆ ಹಲ್ಲು ಕಿರಿದಿದ್ದ ನಾನು ಆ ಶಾಲಿನ ಹಿಂದೆ ಕಣ್ಣು ಮುಚ್ಚಿ ನಿಂತೆ. ಕ್ಯಾಮರಾಕ್ಕೆ ಸಿಕ್ಕ ಅವಳ ಮುಖದ ಜಾಗದಲ್ಲಿ ನನ್ನದಿರಬೇಕಿತ್ತು. ನನ್ನ ಜನ್ಮದಲ್ಲಿ ಅಷ್ಟು ನಾಚಿಕೆಪಟ್ಟದ್ದಿಲ್ಲ, ಅಮ್ಮಾ. ಅಷ್ಟು ಬೆಚ್ಚಗಿದ್ದದ್ದೂ ಬಹಳ ದಿನಗಳಿಂದ ಇಲ್ಲ.

ಬಸ್ಸಿನವರು ಹೋದ ಮೇಲಾದರೂ ಹೇಳಬಹುದಿತ್ತು. ಅವಳು ಗಾಡಿ ಹತ್ತಿ, ಲಗಾಮು ಹಿಡಿದು, “ಅಕ್ಕನಿಗೆ ಇವತ್ತೇ ಕಾಗದ ಬರೀತೀನಿ. ನೀನೂ ಬರೆದಿರ್ತೀಯ, ಆದ್ರೂ ನನ್ನ ಕಣ್ಣಲ್ಲಿ ಕಂಡೆ ಅಂತ ನಾನೂ ಹೇಳ್ಬೇಕಲ್ಲ!” ಎಂದಳು. ನಾನು ಏನು ಮಾಡಿದೆ ಗೊತ್ತೇ? ಕೈ ಬೀಸಿದೆ.

ಬುಧವಾರ ಉಡುಪನ್ನು ಮಡಿಸಿಟ್ಟು, ಇನ್ನು ಹಾಕುವುದಿಲ್ಲ ಎಂದು ಕೀತನಿಗೆ ಹೇಳಿದೆ. “ಯಾಕ್ರೀ, ಬಿಗಿಯಾಯ್ತಾ?” ಎಂದ. ಹೌದು ಎಂದೆ. ನಿನ್ನೆ ಸಂಜೆ ಚಿಕ್ಕಮ್ಮನ ಮನೆಯ ಕಡೆ ಕಾರು ಓಡಿಸಿದೆ. ಅವಳ ಹಾದಿಯ ತುದಿಯಲ್ಲಿ ನಿಲ್ಲಿಸಿದಾಗ, ಅಂಗಳದಲ್ಲಿ ಅವಳು ಒಗೆದ ಬಟ್ಟೆ ತೆಗೆಯುತ್ತಿರುವುದು ಕಾಣಿಸಿತು. ಇಳಿಯಲಾಗಲಿಲ್ಲ. ಹಿಂದಕ್ಕೆ ತಿರುಗಿಸಿಕೊಂಡು ಬಂದೆ.

ಈಗ ನಿನಗೆ ನೇರವಾಗಿ ಹೇಳುತ್ತೇನೆ. ನಾನು ಮರಳಿಲ್ಲ, ಅಮ್ಮಾ. ಯಾರ ಮುಂದೆಯೂ ಮಂಡಿ ಊರಿಲ್ಲ. ಊರುವುದೂ ಇಲ್ಲವೆನ್ನಿಸುತ್ತದೆ. ನಂಬಿಕೆಯಿಲ್ಲದೆ ಬರಿಯ ಆಸೆಗೆ ಊರಿದರೆ ಅದೂ ಈ ಉಡುಪಿನ ಹಾಗೆಯೇ ಆದೀತು, ಹೊಲಿಗೆಯೆಲ್ಲ ಸರಿಯಾಗಿದ್ದು ಒಳಗೆ ಯಾರೂ ಇಲ್ಲದ ಹಾಗೆ. ‘ನೀನು ಮಂಡಿ ಊರೋ ದಿನ ನನ್ನ ಮಂಡಿ ಹೇಗಿದ್ರೂ ಸರಿ, ಬಸ್ಸು ಹತ್ತಿ ಬರ್ತೀನಿ’ ಎಂದು ನೀನು ಪ್ರತಿ ವರ್ಷ ಬರೆಯುತ್ತೀಯ. ಚಿಕ್ಕಮ್ಮನ ಕಾಗದ ಓದಿದೊಡನೆ ನೀನು ಏನು ಮಾಡುವೆ ಎಂದು ನನಗೆ ಗೊತ್ತು. ಮೊದಲು ಒಲೆಯ ಹತ್ತಿರ ಕುಳಿತು ಅಳುತ್ತೀಯ, ಭಾನುವಾರ ಸಭೆಯ ಹೆಂಗಸರಿಗೆಲ್ಲ ಹೇಳುತ್ತೀಯ, ಆಮೇಲೆ ಅಣ್ಣನನ್ನು ಟಿಕೆಟ್ಟಿಗೆ ಓಡಿಸುತ್ತೀಯ. ಇನ್ನು ಎರಡು ವಾರಕ್ಕೆ ಇಲ್ಲಿ ಸಭೆಯವರಷ್ಟೇ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಶರತ್ಕಾಲದ ಪ್ರಭುಭೋಜನ. ನನ್ನ ಪಕ್ಕ ಕುಳಿತುಕೊಳ್ಳಬಹುದೆಂದು ಬರುತ್ತೀಯ. ಹದಿನೈದು ಗಂಟೆ ಬಸ್ಸಿನಲ್ಲಿ ಕೂತು ಬಂದ ನಿನಗೆ ಇದನ್ನು ನಿಲ್ದಾಣದಲ್ಲಿ ಹೇಳುವ ಹಾಗಾಗಬಾರದು.

ನೀನು ಉತ್ತರಕ್ಕೆ ಹೊರಟ ದಿನ ನೆನಪಿದೆಯೇ? ಬಸ್ಸು ಹತ್ತುವ ಮೊದಲು ಅತ್ತಿಗೆಯ ಅಕ್ಕನಿಗೆ, ನೆರೆಯ ಎರಡು ಹೆಂಗಸರಿಗೆ ಮುತ್ತಿಟ್ಟೆ. ನನ್ನ ಹತ್ತಿರ ಬಂದಾಗ ಒಂದು ಗಳಿಗೆ ನಿಂತು, ಕುಲುಕಲು ಕೈ ಮಾತ್ರ ಚಾಚಿದೆ. ನಿನ್ನನ್ನು ದೂರುವುದಕ್ಕೆ ಬರೆದದ್ದಲ್ಲ ಇದು. ನೀನು ದೀಕ್ಷಾಸ್ನಾನದಲ್ಲಿ ಕೊಟ್ಟ ಮಾತಿಗೆ ನಿಂತವಳು, ನಾನು ಮಾತು ಬಿಟ್ಟುಹೋದವಳು. ಇಬ್ಬರಿಗೂ ಅದು ಗೊತ್ತು. ಆ ಕಟ್ಟೆಯ ಹತ್ತಿರ ನಾನು ಯಾಕೆ ಮುಖ ತಿರುಗಿಸಲಿಲ್ಲ ಎಂದು ನೀನು ಕೇಳಿದರೆ, ಆ ದಿನವೇ ನನ್ನ ಉತ್ತರ, ಅಷ್ಟೇ.

ಅಣ್ಣನಿಗೆ, ಅತ್ತಿಗೆಗೆ ನನ್ನ ನೆನಪು ಹೇಳು. ಮಕ್ಕಳಿಗೆ ಒಂದು ಡಬ್ಬಿ ಸೇಬಿನ ಪಾಕ ಬೇರೆಯಾಗಿ ಕಳಿಸುತ್ತಿದ್ದೇನೆ. ಅದು ನನ್ನ ಅಡುಗೆಮನೆಯಲ್ಲಿ ಮಾಡಿದ್ದು, ಯಾರೂ ನೋಡುತ್ತಿಲ್ಲದಾಗ. ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ. ನನ್ನ ಬಾಯಲ್ಲಿ ಆ ಮಾತು ಬಂದರೂ ನೀನು ಬೇಡವೆನ್ನಲಾರೆ ಎಂದುಕೊಂಡು ಬರೆದಿದ್ದೇನೆ.

ನಿನ್ನ ಮಗಳು,
ಸೆಲೀನಾ

ಮರೆತದ್ದು: ಇದನ್ನು ಅಂಚೆಗೆ ಹಾಕಿ ಅಲ್ಲಿಂದಲೇ ಚಿಕ್ಕಮ್ಮನ ಮನೆಗೆ ಹೋಗುತ್ತೇನೆ, ಈ ಸಲ ಕಾರಿನಿಂದ ಇಳಿಯುತ್ತೇನೆ. ಇನ್ನೊಂದು ಮಾತು. ಇದು ತಲುಪುವಷ್ಟರಲ್ಲಿ ಟಿಕೆಟ್ಟು ತೆಗೆದಾಗಿದ್ದರೆ ಅದನ್ನು ಹಿಂತಿರುಗಿಸಬೇಡ, ಬಾ. ಪ್ರಭುಭೋಜನಕ್ಕೆ ಚಿಕ್ಕಮ್ಮನ ಪಕ್ಕ ಕೂರು. ಸಂಜೆ ನನ್ನ ಮನೆಯಲ್ಲಿ ಊಟ ಮಾಡು. ನಿಲ್ದಾಣದಲ್ಲಿ ನಾನು ಹಸಿರು ಕೋಟು ಹಾಕಿಕೊಂಡು ಬರಿತಲೆಯಲ್ಲಿ ನಿಂತಿರುತ್ತೇನೆ, ಬಸ್ಸಿನ ಕಿಟಕಿಯಿಂದಲೇ ನಿನಗೆ ಕಾಣುವ ಹಾಗೆ. ನೀನು ಮೆಟ್ಟಿಲು ಇಳಿಯುವ ಮೊದಲೇ ನಾನು ಕೈ ಚಾಚಿರುತ್ತೇನೆ.