ಅಪ್ಪನ ಹಿಮ್ಮಡಿ

ಅಪ್ಪನಿಗೆ ಮಗಳ ನಮಸ್ಕಾರ.

ಮುನಿಸಿಕೊಂಡು ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಪತ್ರ. ಆಸ್ಪತ್ರೆಯ ಪಾರ್ಕಿಂಗ್ ಗೆರೆಗಳಿಗೆ ನಾನು ಹಟ ಹಿಡಿದು ಗೋಡೆಯ ಬಣ್ಣವನ್ನೇ ಬಳಿದೆ. ಜೀವಮಾನವೆಲ್ಲ ರಸ್ತೆಗೆ ಗೆರೆ ಎಳೆದ ನೀವು, "ಒಣಗಿದೆಯಾ ಅಂತ ಬೆರಳಿಟ್ಟು ನೋಡಿದ್ರೆ ಸಾಲದು ಕಣೇ, ಹಿಮ್ಮಡಿ ಊರಿ ತಿರುಗಿಸು. ಕಾರಿಗೇನು ಬೆರಳಿದೆಯಾ?" ಎಂದಿರಿ. ನಾನು ನಕ್ಕೆ. ಬಿಸಿಲೇರಿದಂತೆ ಗೆರೆಗಳೆಲ್ಲ ಚಕ್ರಕ್ಕೆ ಅಂಟಿಕೊಂಡು ಹೊರಟವು. ಒಂದಂತೂ ಮ್ಯಾನೇಜರ್ ಮನೆಯ ಗೇಟಿನವರೆಗೂ ಹೋಗಿದೆ.

ಎಲ್ಲವನ್ನೂ ಕೆರೆದು, ನೀವು ಹೇಳಿದ ರಸ್ತೆ ಬಣ್ಣವನ್ನೇ ಬಳಿದಿದ್ದೇನೆ. ಬೆರಳಿಟ್ಟು ನೋಡಿಲ್ಲ, ನಿಮ್ಮಾಣೆ. ನಿಮ್ಮ ಹಿಮ್ಮಡಿ ಒಪ್ಪುವವರೆಗೆ ಒಂದು ಕಾರನ್ನೂ ಒಳಗೆ ಬಿಡುವುದಿಲ್ಲ ಎಂದು ಹೇಳಿಬಿಟ್ಟಿದ್ದೇನೆ. ಹಳೆಯ ಚಪ್ಪಲಿ ಮೆಟ್ಟಿಕೊಂಡು, ಪತ್ರ ತಂದ ಡ್ರೈವರ್ ಜೊತೆಯಲ್ಲೇ ಬಂದುಬಿಡಿ. ಡಾಕ್ಟರುಗಳೆಲ್ಲ ಬೀದಿಯಲ್ಲಿ ಕಾರು ನಿಲ್ಲಿಸಿಕೊಂಡು ನಿಮ್ಮ ದಾರಿ ಕಾಯುತ್ತಿದ್ದಾರೆ.

ನಿಮ್ಮ ಹಟಮಾರಿ ಮಗಳು